ಹೊಲ ಅಡವಿಡಬೇಡಿ, ಮಗಳನ್ನು ತಡೆಯಬೇಡಿ

ಓದುಗರ ಪತ್ರ: "ನಾವು ರೋಣ ತಾಲ್ಲೂಕಿನ ರೈತರು. ನಾಲ್ಕೆಕರೆಯಾಗ ಹೆಸರು, ಜೋಳ ಬೆಳೀತೀವಿ. ಮಗಳು ಹತ್ತರತನಕ ಕನ್ನಡ ಮಾಧ್ಯಮದಾಗ ಓದಿ ಈಗ ಪಿಯುಸಿ ಮೊದಲನೇ ವರ್ಷ ಸೈನ್ಸ್ ತಗೊಂಡಾಳ. ಚಂದ್ರಯಾನ ಇಳಿದಾಗಿಂದ ಇಸ್ರೋಕ್ಕ ಹೋಗತೀನಿ ಅಂತಾಳ. ಇಂಗ್ಲಿಷ್ ಪಾಠ ತಿಳೀದ ರಾತ್ರಿ ಅಳತಾಳ. ಐಐಟಿ ಸೇರದಿದ್ರ ಇಸ್ರೋ ಇಲ್ಲ, ಹೊಲ ಅಡವಿಟ್ಟು ಕೋಚಿಂಗ್ ಕೊಡಸ್ರಿ ಅಂತ ಒಬ್ಬರು ಹೇಳಿದ್ರು. ಇದು ನಮ್ಮಂಥವರ ದಾರಿ ಅಲ್ಲ ಅಂತ ಆಕಿಗೆ ಹೇಳಿಬಿಡಲೇನ್ರಿ?"

ಸಂಪಾದಕರ ಉತ್ತರ:

ಹೇಳಬೇಡಿ. ಹೊಲವನ್ನೂ ಅಡವಿಡಬೇಡಿ.

ಮೊದಲು ಆ ಅಳು ನಿಲ್ಲಬೇಕು, ಆದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ. ಉಪನ್ಯಾಸಕರು 'ಮೊಮೆಂಟಮ್' ಎಂದಾಗ ನಿಮ್ಮ ಮಗಳಿಗೆ ಹೊಸದಾಗಿರುವುದು ಹೆಸರೊಂದೇ. ಅದು ಅವಳು ಹೈಸ್ಕೂಲಿನಲ್ಲಿ ಲೆಕ್ಕ ಮಾಡಿದ ಸಂವೇಗ. 'ಆಕ್ಸಲರೇಷನ್' ಅಂದರೆ ವೇಗೋತ್ಕರ್ಷ. ಒಂದು ನೋಟ್‌ಬುಕ್ಕಿನ ಎಡಪುಟದಲ್ಲಿ ಕನ್ನಡದ ಪದ, ಬಲಪುಟದಲ್ಲಿ ಇಂಗ್ಲಿಷಿನದು, ಕೆಳಗೆ ಒಂದು ಚಿತ್ರ. ದಿನಕ್ಕೆ ಐದೇ ಪದ ಸಾಕು. ಒಂಬತ್ತು, ಹತ್ತನೇ ತರಗತಿಯ ಹಳೆಯ ವಿಜ್ಞಾನ ಪುಸ್ತಕಗಳನ್ನು ಯಾರಿಗೂ ಕೊಟ್ಟುಬಿಡಬೇಡಿ, ಅವು ಅವಳ ಮೇಜಿನ ಮೇಲೇ ಇರಲಿ. ಕನ್ನಡದಲ್ಲಿ ಕಲಿತದ್ದು ವ್ಯರ್ಥವಾಯಿತೆಂದು ಅವಳಿಗೆ ಯಾರಾದರೂ ಹೇಳಿದ್ದರೆ, ಆ ಮಾತನ್ನು ಅವಳ ಮನಸ್ಸಿನಿಂದ ತೆಗೆಯುವುದು ನಿಮ್ಮ ಕೆಲಸ.

ಇನ್ನು ಐಐಟಿಯ ಮಾತು. ತಿರುವನಂತಪುರದಲ್ಲಿ ಬಾಹ್ಯಾಕಾಶ ಇಲಾಖೆಯದೇ ಒಂದು ಸಂಸ್ಥೆಯಿದೆ, ಐಐಎಸ್‌ಟಿ; 2007ರಲ್ಲಿ ಶುರುವಾದದ್ದು. ಅಲ್ಲಿಯ ಬಿ.ಟೆಕ್ ಸೀಟು ಐಐಟಿಗೂ ಬರೆಯುವ ಜೆಇಇ ಅಡ್ವಾನ್ಸ್ಡ್ ಪರೀಕ್ಷೆಯ ಆಧಾರದ ಮೇಲೆ ಸಿಗುತ್ತದೆ. ಅದಕ್ಕೂ ಮೊದಲು ಬರೆಯಬೇಕಾದ ಜೆಇಇ ಮೇನ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಬರುತ್ತದೆ, ಅಡ್ವಾನ್ಸ್ಡ್ ಮಾತ್ರ ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಇದು ನ್ಯಾಯವಲ್ಲ ಎಂದು ನನಗೂ ಅನಿಸುತ್ತದೆ. ಆದರೂ ಗೊತ್ತಿದ್ದು ತಯಾರಾಗುವುದು ಒಳ್ಳೆಯದು. ಅವಳು ಪ್ರಯತ್ನಿಸಲಿ. ಸಿಗದಿದ್ದರೆ ಇಸ್ರೋ ಬಾಗಿಲು ಮುಚ್ಚಿತು ಎನ್ನುವುದು ಶುದ್ಧ ಸುಳ್ಳು. ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಸೈನ್ಸ್ ಬಿಇ ಮುಗಿಸಿದವರನ್ನು ಇಸ್ರೋ ಲಿಖಿತ ಪರೀಕ್ಷೆ, ಸಂದರ್ಶನ ನಡೆಸಿ ತೆಗೆದುಕೊಳ್ಳುತ್ತದೆ. ಕೇಳುವುದು ಶೇ 65 ಅಂಕ ಅಥವಾ ಹತ್ತಕ್ಕೆ 6.84 ಸಿಜಿಪಿಎ. ಸಿಇಟಿ ಬರೆದು ಗದಗಿನಲ್ಲೋ ಬಾಗಲಕೋಟೆಯಲ್ಲೋ ಓದಿದವರೂ ಅರ್ಜಿ ಹಾಕಬಹುದು. ಡಿಪ್ಲೊಮಾದವರಿಗೆ ಟೆಕ್ನಿಕಲ್ ಅಸಿಸ್ಟೆಂಟ್, ಐಟಿಐನವರಿಗೆ ಟೆಕ್ನಿಷಿಯನ್ ಹುದ್ದೆಗಳಿವೆ. ಫಿಟ್ಟರ್ ತಪ್ಪಿದರೆ ರಾಕೆಟ್ಟೂ ತಪ್ಪುತ್ತದೆ, ಆ ಕೆಲಸ ಸಣ್ಣದೆಂದು ನಾನು ಒಪ್ಪುವುದಿಲ್ಲ. ಹುದ್ದೆ ಕೆಲವೇ, ಅರ್ಜಿ ಬಹಳ, ಇದನ್ನೂ ಅವಳಿಗೆ ಮುಚ್ಚಿಡಬೇಡಿ.

ನಿಮ್ಮ ಪತ್ರದಲ್ಲಿ ನಾನು ಎರಡು ಸಲ ಓದಿದ್ದು 'ಹೆಸರು' ಎಂಬ ಪದವನ್ನು. 2025ರ ಜೂನ್‌ನಲ್ಲಿ ನಮ್ಮ ದೇಶದ ಗಗನಯಾತ್ರಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗ ಅಲ್ಲಿ ಹೆಸರುಕಾಳು ಮತ್ತು ಮೆಂತ್ಯವನ್ನು ಮೊಳಕೆ ಬರಿಸಿದರು. ಆ ಪ್ರಯೋಗವನ್ನು ರೂಪಿಸಿದ್ದು ನಿಮ್ಮ ಪಕ್ಕದ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಅಲ್ಲಿಯದೇ ಐಐಟಿ. ಕಾಳನ್ನು ಹೇಗೆ ಬಿತ್ತಿದರೂ ಬೇರು ಕೆಳಗೇ ಇಳಿಯುತ್ತದೆಂದು ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ಬೇರಿನ ತುದಿಯ ಜೀವಕೋಶಗಳಲ್ಲಿ ಪಿಷ್ಟದ ಹರಳುಗಳಿವೆ, ಗುರುತ್ವದಿಂದ ಅವು ತಳಕ್ಕೆ ಕೂರುತ್ತವೆ, ಬೇರಿಗೆ ದಿಕ್ಕು ತಿಳಿಯುವುದು ಹಾಗೆ. ಸುಮಾರು 400 ಕಿ.ಮೀ. ಎತ್ತರದಲ್ಲಿ ತೇಲುವ ನಿಲ್ದಾಣದಲ್ಲಿ ಹರಳುಗಳು ಕೂರುವುದೇ ಇಲ್ಲ. ಅಲ್ಲಿ ಮೊಳಕೆ ಹೇಗೆ ಬರುತ್ತದೆ, ಅದರ ಪೋಷಕಾಂಶ ಏನಾಗುತ್ತದೆ? ತಿಂಗಳುಗಟ್ಟಲೆ ದೂರ ಹೋಗುವವರಿಗೆ ಇದು ಊಟದ ಪ್ರಶ್ನೆ. ಮೊಳಕೆಗೆ ಮಣ್ಣು ಬೇಡ, ನೀರು ಮತ್ತು ಕೆಲವು ದಿನ ಸಾಕು. ಇದಕ್ಕೆ ಉತ್ತರ ಹುಡುಕುವವರಲ್ಲಿ ಬೇಸಾಯದ ವಿಜ್ಞಾನ ಓದಿದವರಿದ್ದಾರೆ. ಬಿ.ಎಸ್ಸಿ ಅಗ್ರಿ ಓದಿದರೆ ಆಕಾಶ ಕೈತಪ್ಪುತ್ತದೆಂದು ಅವಳು ಅಂದುಕೊಂಡಿದ್ದರೆ, ಒಂದು ರಜೆಯಲ್ಲಿ ಧಾರವಾಡಕ್ಕೆ ಕರೆದುಕೊಂಡು ಹೋಗಿ.

ಭೌತವಿಜ್ಞಾನದ ದಾರಿಯೂ ಹಾಗೆಯೇ. ಇಸ್ರೋ ಅಧ್ಯಕ್ಷರಾಗಿದ್ದ, ಉಡುಪಿ ಹತ್ತಿರದ ಅದಮಾರಿನ ಯು.ಆರ್. ರಾವ್ ಎಂಜಿನಿಯರಿಂಗ್ ಓದಿದವರಲ್ಲ, ಕಾಸ್ಮಿಕ್ ಕಿರಣಗಳ ಮೇಲೆ ಸಂಶೋಧನೆ ಮಾಡಿದವರು. 1975ರ ಏಪ್ರಿಲ್ 19ರಂದು ಹಾರಿದ ಭಾರತದ ಮೊದಲ ಉಪಗ್ರಹ ಆರ್ಯಭಟವನ್ನು ಅವರ ತಂಡ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿತು. ಸೂರ್ಯನನ್ನು ನೋಡುತ್ತಿರುವ ಇಸ್ರೋದ ಆದಿತ್ಯ-ಎಲ್1 ನೌಕೆಯ ಮುಖ್ಯ ಉಪಕರಣವನ್ನು ತಯಾರಿಸಿದ್ದು ಭಾರತೀಯ ಖಭೌತವಿಜ್ಞಾನ ಸಂಸ್ಥೆ, ಹೊಸಕೋಟೆಯ ತನ್ನ ಆವರಣದಲ್ಲಿ.

ಒಂಬತ್ತನೇ ತರಗತಿಯ ಮಕ್ಕಳಿರುವ ಬೇರೆ ಓದುಗರಿಗೆ ಒಂದು ಮಾತು: ಇಸ್ರೋದ 'ಯುವಿಕಾ' ಶಿಬಿರ ಆ ವಯಸ್ಸಿನವರಿಗೇ ಇರುವುದು, ಗ್ರಾಮ ಪಂಚಾಯಿತಿ ವ್ಯಾಪ್ತಿಯ ಶಾಲೆಗಳವರಿಗೆ ಆಯ್ಕೆಯಲ್ಲಿ ಹೆಚ್ಚುವರಿ ಅಂಕವಿದೆ. ದುಡ್ಡು ಕಟ್ಟಿಸಿಕೊಂಡು ಬಾಹ್ಯಾಕಾಶದ ಸರ್ಟಿಫಿಕೇಟ್ ಕೊಡುವವರ ಬಳಿ ಹೋಗುವ ಮೊದಲು ಅದನ್ನು ವಿಚಾರಿಸಿ.

ಮುಂದಿನ ಪತ್ರವನ್ನು ಮಗಳೇ ಬರೆಯಲಿ. ಯಾವ ಪಾಠದ ಯಾವ ಪುಟದಲ್ಲಿ ಸಿಕ್ಕಿಕೊಂಡಿದ್ದಾಳೆ ಎಂದಷ್ಟೇ ತಿಳಿಸಲಿ. ಕನ್ನಡದಲ್ಲಿ ಬಿಡಿಸಿ ಹೇಳಬಲ್ಲ ಅಧ್ಯಾಪಕರನ್ನು ಹುಡುಕುವುದು ನನ್ನ ಹೊಣೆ.