ಜರ್ಮನ್ ಪೀರಿಯಡ್ ಬಂತು, ಇತಿಹಾಸದ ಪೀರಿಯಡ್ ಹೋಯ್ತು

ಜೂನ್ ಬಂದರೆ ಸಾಕು, ವಿಜಯಪುರದ ಪಾಲಕರಿಂದ ಇದೇ ಪ್ರಶ್ನೆ. ಹೆಸರು ಬೇರೆ, ಶಾಲೆ ಬೇರೆ, ಸಂಕಟ ಒಂದೇ. ಈ ಸಲ ಒಂದಕ್ಕೆ ಪೂರ್ತಿ ಉತ್ತರ ಕೊಟ್ಟು ಬಿಡುತ್ತೇನೆ. ಉಳಿದವು ಒಂದೆರಡು ಮಾತಿನಲ್ಲಿ ಮುಗಿಯುವಂಥವು.

ಪ್ರಶ್ನೆ: ಮಗಳು ಖಾಸಗಿ ಶಾಲೆಯಲ್ಲಿ ಏಳನೇ ಕ್ಲಾಸು. ಈ ವರ್ಷ ಜರ್ಮನ್ ಶುರುವಾಗಿದೆ. ಅದಕ್ಕಾಗಿ ವಾರಕ್ಕೆ ನಾಲ್ಕಿದ್ದ ಇತಿಹಾಸದ ಪೀರಿಯಡ್ ಎರಡಕ್ಕೆ ಇಳಿದಿದೆ. 'ಇತಿಹಾಸ ಬಾಯಿಪಾಠದ ಸಬ್ಜೆಕ್ಟು, ಮನೆಯಲ್ಲೇ ಓದಿಕೊಳ್ಳಲಿ' ಎಂದರು ಶಾಲೆಯವರು. ಜರ್ಮನ್ ಬಂದರೆ ಮುಂದೆ ಜರ್ಮನಿಯಲ್ಲಿ ಪುಕ್ಕಟೆ ಇಂಜಿನಿಯರಿಂಗ್ ಸಿಗುತ್ತದಂತೆ. ಒಪ್ಪಿಕೊಳ್ಳಬಹುದಾ?

ಮೊದಲು ಲೆಕ್ಕ. ಭಾಷೆ ಕಲಿಕೆಗೆ ಎ1ರಿಂದ ಸಿ2ರವರೆಗೆ ಆರು ಹಂತ. ಜರ್ಮನ್ ಕಲಿಸುವ ಗಯಟೆ ಸಂಸ್ಥೆಯೇ ಹೇಳುವ ಪ್ರಕಾರ ಮೂರನೆಯದಾದ ಬಿ1 ಮುಟ್ಟಲು 45 ನಿಮಿಷದ 350ರಿಂದ 650 ತರಗತಿ ಬೇಕು. ನಿಮ್ಮ ಮಗಳಿಗೆ ವಾರಕ್ಕೆ ಎರಡು. ವರ್ಷಕ್ಕೆ 35 ವಾರ ಪಾಠ ನಡೆಯಿತು ಅಂತಲೇ ಹಿಡಿಯಿರಿ, 70 ಆಯಿತು. ಹತ್ತನೇ ಕ್ಲಾಸು ಮುಗಿಯುವಾಗ 280. ಅದರಲ್ಲಿ ಸ್ಪೋರ್ಟ್ಸ್ ಡೇ, ಗ್ಯಾದರಿಂಗ್ ತಾಲೀಮು, ಟೀಚರ್ ಬಿಟ್ಟು ಹೋಗಿದ್ದು ಎಲ್ಲ ಕಳೆಯಿರಿ. ಅಲ್ಲಿ ಜರ್ಮನ್‌ನಲ್ಲೇ ಡಿಗ್ರಿ ಓದಬೇಕೆಂದರೆ ಸಾಮಾನ್ಯವಾಗಿ ಕೇಳುವುದು ಬಿ1 ಅಲ್ಲ, ಅದಕ್ಕೂ ಮೇಲಿನ ಬಿ2, ಸಿ1.

ಇನ್ನು 'ಪುಕ್ಕಟೆ'. ಅಲ್ಲಿನ ಬಹುಪಾಲು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಪಾಠದ ಫೀ ಇಲ್ಲ, ನಿಜ. ಆದರೆ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥ ಹೊರದೇಶದವರಿಗೆ ಸೆಮಿಸ್ಟರ್‌ಗೆ 1,500 ಯೂರೋ. ಊಟ, ಬಾಡಿಗೆ ನಿಮ್ಮದೇ. ಅದಕ್ಕೆ ವರ್ಷಕ್ಕೆ 11 ಸಾವಿರ ಯೂರೋಗಿಂತ ಜಾಸ್ತಿ ದುಡ್ಡು ಇದೆ ಅಂತ ವೀಸಾಕ್ಕೆ ಮೊದಲೇ ತೋರಿಸಬೇಕು. ಇದನ್ನು ಶಾಲೆಯವರು ಹೇಳಿದರಾ? ಹೇಳಿರುವುದಿಲ್ಲ.

ಜರ್ಮನ್ ಮೇಲೆ ನನಗೆ ಸಿಟ್ಟಿಲ್ಲ. ಕಲಿಯಲಿ, ಒಳ್ಳೆಯದು. ಸಿಟ್ಟು ಬರೋದು ಇತಿಹಾಸವನ್ನು ಕೊಯ್ದು ಅಲ್ಲಿ ಭಾಷೆಯನ್ನು ಕೂರಿಸಿದ್ದಕ್ಕೆ. ಇವೆರಡೂ ಬೇರೆ ಬೇರೆ ಅಂದುಕೊಂಡವರು ಮಾತ್ರ ಇಂಥ ಕೆಲಸ ಮಾಡುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ, ಅದಕ್ಕೇ ಹೇಳುತ್ತಿದ್ದೇನೆ.

ಹೊಸದಾಗಿ ಮೇಷ್ಟ್ರಾಗಿದ್ದಾಗ ಮಕ್ಕಳನ್ನು ಗೋಲಗುಮ್ಮಟಕ್ಕೆ ಕರೆದುಕೊಂಡು ಹೋಗಿದ್ದೆ. ದಕ್ಷಿಣದ ಬಾಗಿಲ ಮುಂದೆ ಒಬ್ಬ ಹುಡುಗಿ ಕೇಳಿದಳು, 'ಸರ್, ಮೇಲೆ ಏನು ಬರೆದಿದೆ?' 'ದೇವರ ಹೆಸರು' ಎಂದೆ. ಶುದ್ಧ ಸುಳ್ಳು. ನನಗೆ ಅಲ್ಲಿನ ಒಂದು ಅಕ್ಷರವೂ ಓದಲು ಬರುತ್ತಿರಲಿಲ್ಲ. ಉರ್ದು ಶಾಲೆಯಲ್ಲಿ ಓದಿದ್ದ ನಮ್ಮ ಬಸ್ಸಿನ ಕ್ಲೀನರ್ ಹುಡುಗ ಪಕ್ಕದಲ್ಲಿ ನಿಂತು ಅಕ್ಷರ ಕೂಡಿಸಿ ಓದುತ್ತಿದ್ದ. ಆವತ್ತಿನ ನಾಚಿಕೆ ಇನ್ನೂ ಹೋಗಿಲ್ಲ.

ಆಮೇಲೆ ಆ ಲಿಪಿ ಕಲಿತೆ. ಉರ್ದು ಬರೆಯುವ ಅದೇ ಅರಬ್ಬೀ ಲಿಪಿ, ಆದರೆ ಭಾಷೆ ಪರ್ಷಿಯನ್. 'ಆಕಿಬತ್ ಮುಹಮ್ಮದ್ ಮಹಮೂದ್ ಶುದ್' ಅಂತ ಒಂದು ಸಾಲು. ಅದರ ಅರ್ಥ 'ಮುಹಮ್ಮದನ ಕೊನೆ ಹೊಗಳುವಂಥದ್ದಾಯಿತು' ಅಂತ. ಮಜಾ ಇರುವುದು ಇಲ್ಲೇ. ನಮ್ಮ ಕಟಪಯಾದಿಯ ಹಾಗೆ ಅರಬ್ಬೀ ಲಿಪಿಯಲ್ಲೂ ಒಂದೊಂದು ಅಕ್ಷರಕ್ಕೆ ಒಂದೊಂದು ಬೆಲೆ ಇದೆ. 'ಆಕಿಬತ್' ಅಂದರೆ 573. 'ಮುಹಮ್ಮದ್' 92. 'ಮಹಮೂದ್' 98. 'ಶುದ್' 304. ಕೂಡಿಸಿ. 1067 ಬಂತಲ್ವಾ? ಹಿಜರಿ 1067, ಅಂದರೆ ನಮ್ಮ ಲೆಕ್ಕದಲ್ಲಿ 1656-57. ಆ ಗುಮ್ಮಟದಲ್ಲಿ ಮಲಗಿರುವ ನಮ್ಮ ಊರಿನ ಸುಲ್ತಾನ ಮುಹಮ್ಮದ್ ಆದಿಲ್ ಶಾಹ ತೀರಿಕೊಂಡಿದ್ದು 1656ರಲ್ಲಿ. ಸಾವಿನ ವರ್ಷವನ್ನು ಹೊಗಳಿಕೆಯೊಳಗೆ ಬಚ್ಚಿಟ್ಟಿದ್ದಾರೆ. ಇದನ್ನು ಒಂದು ಸಲ ಬೋರ್ಡಿನ ಮೇಲೆ ಕೂಡಿಸಿ ತೋರಿಸಿ ನೋಡಿ, ಯಾವ ಮಗುವೂ 1656 ಮರೆಯುವುದಿಲ್ಲ. ಬಾಯಿಪಾಠದ ಸಬ್ಜೆಕ್ಟಂತೆ!

ನಮ್ಮ ಊರಿನ ಕಥೆ ಪೂರ್ತಿ ಹೀಗೇ ಇದೆ. ಫರಿಷ್ತಾ ಇಲ್ಲೇ ಕುಳಿತು ಚರಿತ್ರೆ ಬರೆದ, ಪರ್ಷಿಯನ್‌ನಲ್ಲಿ. ನಾವು ಓದಿದ್ದು 1829ರಲ್ಲಿ ಬ್ರಿಗ್ಸ್ ಮಾಡಿದ ಇಂಗ್ಲಿಷ್ ಅನುವಾದ ಹಿಡಿದುಕೊಂಡು. ಮಲಿಕ್-ಎ-ಮೈದಾನ್ ತೋಪು ಎರಕ ಹೊಯ್ದಿದ್ದು 1549ರಲ್ಲಿ, ಅಹಮದ್‌ನಗರದಲ್ಲಿ. ಹೊಯ್ದವನ ಹೆಸರಿನ ಕೊನೆಯಲ್ಲಿ 'ರೂಮಿ' ಇದೆ, ಅಂದರೆ ತುರ್ಕಿ ಕಡೆಯವನು. 1510ರಲ್ಲಿ ಆದಿಲ್ ಶಾಹಿಗಳ ಕೈಯಿಂದ ಗೋವಾ ಕಿತ್ತುಕೊಂಡವರು ಪೋರ್ಚುಗೀಸರು. ನೀವು ತಿಂಗಳ ಕೊನೆಗೆ ಎಣಿಸುವ 'ಪಗಾರ', ಪಲ್ಯಕ್ಕೆ ಹಾಕುವ 'ಬಟಾಟೆ', ಬೀಗದ 'ಚಾವಿ' ಮೂರೂ ಅವರ ಮಾತು. ಮಗಳಿಗೆ ವಾಂತಿಯಾದರೆ ಓಡುವ 'ದವಾಖಾನೆ' ಅರಬ್ಬಿ-ಪರ್ಷಿಯನ್ ಕೂಡಿದ್ದು. ಫಾರಿನ್ ಭಾಷೆ ನಿಮ್ಮ ಅಡುಗೆಮನೆಯಲ್ಲಿ ಐನೂರು ವರ್ಷದಿಂದ ಕುಳಿತಿದೆ.

ಹಾಗಾದರೆ ಏನು ಮಾಡಬೇಕು? ಶಾಲೆಗೆ ಹೋಗಿ ಎರಡು ಮಾತು ಕೇಳಿ. ಜರ್ಮನ್ ಕಲಿಸುವವರು ಸ್ವತಃ ಯಾವ ಹಂತದ ಪರೀಕ್ಷೆ ಪಾಸಾಗಿದ್ದಾರೆ? ಎ2 ಮುಗಿಸಿದವರು ಎ1 ಕಲಿಸುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಎರಡನೆಯದು, ಆ ಪೀರಿಯಡ್ ಬೇರೆ ಎಲ್ಲಿಂದಲಾದರೂ ಬರಲಿ, 'ಪರ್ಸನಾಲಿಟಿ ಡೆವಲಪ್‌ಮೆಂಟ್' ಅಂತ ಒಂದಿರುತ್ತದಲ್ಲ, ಅದರಿಂದ. ಒಪ್ಪದಿದ್ದರೆ ನಾಲ್ಕು ಜನ ಪಾಲಕರು ಕೂಡಿ ಬರೆದು ಕೊಡಿ. ಒಬ್ಬರೇ ಹೋದರೆ ಚಹಾ ಕುಡಿಸಿ ಕಳಿಸುತ್ತಾರೆ.

ಪ್ರಶ್ನೆ: ಮೂರು ತಿಂಗಳಲ್ಲಿ ಫ್ರೆಂಚ್ ಗ್ಯಾರಂಟಿ ಅನ್ನುವ ಕ್ಲಾಸಿಗೆ ಸೇರಿಸಬಹುದಾ?

ಮೂರು ತಿಂಗಳಲ್ಲಿ ನಿಮಗೆ ಸರಿಯಾಗಿ ಸೈಕಲ್ ಬರಬಹುದು. ಫ್ರೆಂಚ್ ಬರುವುದಿಲ್ಲ. ಬರದಿದ್ದರೆ ಹಣ ವಾಪಸ್ ಅಂತ ಬರೆದು ಕೊಡಲಿ, ನೋಡೋಣ.

ಪ್ರಶ್ನೆ: ಫ್ರೆಂಚ್ ತೆಗೆದುಕೊಂಡರೆ ಕನ್ನಡ ಬಿಡಬಹುದಾ?

ಇಲ್ಲ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಸಿಬಿಎಸ್‌ಇ ಶಾಲೆಗೂ ಅನ್ವಯಿಸುತ್ತದೆ. ಈ ಪ್ರಶ್ನೆ ಕನ್ನಡದಲ್ಲೇ ಬರೆದು ಕಳಿಸಿದ್ದೀರಿ, ಅದೊಂದು ಸಮಾಧಾನ.

ಪ್ರಶ್ನೆ: ಮುಹಮ್ಮದ್ ಆದಿಲ್ ಶಾಹನ ಪ್ರೇಯಸಿ ರಂಭಾ ಗೋಲಗುಮ್ಮಟದ ಮೇಲಿಂದ ಹಾರಿದ ಕಥೆಯನ್ನು ಮಗ ಪ್ರಾಜೆಕ್ಟಿನಲ್ಲಿ ಬರೆಯಬಹುದಾ?

'ಗೈಡ್ ಹೇಳಿದ ಕಥೆ' ಅಂತ ಬರೆಯಲಿ. ಇತಿಹಾಸ ಅಂತ ಬರೆದರೆ ಮಾರ್ಕ್ಸ್ ಕಡಿಯುತ್ತೇನೆ. ಆಕೆಯ ಸಮಾಧಿ ಅಲ್ಲಿ ಸುಲ್ತಾನನ ಸಮಾಧಿಯ ಜೊತೆಯಲ್ಲೇ ಇದೆ, ಅದನ್ನು ಬರೆಯಲಿ.

ಪ್ರಶ್ನೆ: ಮಗ ಉರ್ದು ಲಿಪಿ ಕಲಿಯುತ್ತೇನೆ ಅನ್ನುತ್ತಾನೆ. ಮನೆಯಲ್ಲಿ ಹಿರಿಯರು ಬೇಡ ಅನ್ನುತ್ತಾರೆ.

ಎರಡನೇ ಇಬ್ರಾಹಿಂ ಆದಿಲ್ ಶಾಹ ಇದೇ ಊರಿನಲ್ಲಿ ಕುಳಿತು ದಖನಿಯಲ್ಲಿ, ಅಂದರೆ ನಮ್ಮ ಕಡೆಯ ಹಳೆಯ ಉರ್ದುವಿನಲ್ಲಿ, ಹಾಡು ಕಟ್ಟಿದ. ಅದರಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ನೆನೆದಿದ್ದಾನೆ. ಹಿರಿಯರಿಗೆ ಇದನ್ನು ಹೇಳಿ. ಆಮೇಲೆ ಹುಡುಗನನ್ನು ಬೆಳಿಗ್ಗೆ ಬೇಗ, ಕೂಗಾಡುವ ಜನ ಬರುವ ಮುಂಚೆ, ಆ ದಕ್ಷಿಣದ ಬಾಗಿಲಿಗೆ ಕರೆದುಕೊಂಡು ಹೋಗಿ. ಪೆನ್ನು, ಹಾಳೆ ಜೊತೆಗಿರಲಿ, ಕೂಡಿಸುವ ಕೆಲಸವಿದೆ.