ರಾಡ್ ಹಾಕಿದ ಬೆನ್ನಿಗೆ ರಿವಿಷನ್: ಸರ್ಜನ್ ಹುಡುಕೋಕೆ ಮುಂಚೆ ಮಂಡಿ ನೇರ ಮಾಡಿ ಎಕ್ಸ್‌ರೇ ತೆಗೆಸಿ
ಚಿಕ್ಕ ವಯಸ್ಸಲ್ಲಿ ಸ್ಕೋಲಿಯೋಸಿಸ್‌ಗೆ (ಬೆನ್ನುಮೂಳೆ ಪಕ್ಕಕ್ಕೆ ಸೊಟ್ಟ ಆಗೋದು) ರಾಡ್, ಈಗ ನಲವತ್ತು ದಾಟಿದ ಮೇಲೆ ಸೊಂಟನೋವು, ಒಬ್ರು ರಾಡ್ ಮುರಿದಿದೆ, ರಿವಿಷನ್ ಅಂದ್ರೆ ಹಳೇ ಆಪರೇಷನ್ ಸರಿಪಡಿಸೋ ಹೊಸ ಆಪರೇಷನ್ ಮಾಡ್ಲೇಬೇಕು ಅಂತಾರೆ, ಇನ್ನೊಬ್ರು ಮುಟ್ಟಲೇಬೇಡಿ ಅಂತಾರೆ, ಬೆಸ್ಟ್ ಸರ್ಜನ್ ಯಾರು ಅಂತ ಕೇಳಿದೀರಿ. ನಾನೂ ಇದೇ ಪ್ರಶ್ನೆ ಹಿಡ್ಕೊಂಡು ವರ್ಷಗಟ್ಟಲೆ ಅಲೆದವಳು.

ನಂಗೆ ರಾಡ್ ಹಾಕಿದ್ದು 1990ರಲ್ಲಿ, ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ರಜೆಯಲ್ಲಿ. ಹ್ಯಾರಿಂಗ್ಟನ್ ರಾಡ್. ಮೇಲೊಂದು ಕೊಕ್ಕೆ, ಕೆಳಗೊಂದು ಕೊಕ್ಕೆ, ನಡುವೆ ಬೆನ್ನನ್ನ ಎಳೆದು ಹಿಡಿಯೋ ಸ್ಟೀಲ್ ಸರಳು. ಅಮೆರಿಕದ ಹ್ಯೂಸ್ಟನ್‌ನಲ್ಲಿ ಪಾಲ್ ಹ್ಯಾರಿಂಗ್ಟನ್ 1950ರ ದಶಕದಲ್ಲಿ ಪೋಲಿಯೋದಿಂದ ಬೆನ್ನು ಸೊಟ್ಟ ಆದ ಮಕ್ಕಳಿಗೆ ಅಂತ ಶುರು ಮಾಡಿದ್ದು. ನನ್ನ ಬೆನ್ನು ಇನ್ನೂ ಬಾಗದ ಹಾಗೆ ತಡೆದಿದ್ದು ಅದೇ, ಅದರ ಬಗ್ಗೆ ನಂಗೆ ಸಿಟ್ಟಿಲ್ಲ. ಆದ್ರೆ ಹಾಗೆ ಎಳೆದು ನೆಟ್ಟಗೆ ಮಾಡುವಾಗ ಸೊಂಟದಲ್ಲಿ ಇರಲೇಬೇಕಾದ ಒಳಬಾಗೂ ಹೋಗ್ಬಿಡತ್ತೆ, ಅದಕ್ಕೇ ಫ್ಲಾಟ್‌ಬ್ಯಾಕ್ ಅನ್ನೋದು. ನನ್ನ ಫ್ಯೂಷನ್, ಅಂದ್ರೆ ಬೆನ್ನುಮೂಳೆಗಳನ್ನ ಒಂದಕ್ಕೊಂದು ಬೆಸೆದಿದ್ದು, ಎಲ್4 (ಸೊಂಟದ ಐದು ಮೂಳೆಗಳಲ್ಲಿ ಮೇಲಿಂದ ನಾಲ್ಕನೇದು) ವರೆಗೆ ಇತ್ತು, ಕೆಳಗೆ ಉಳಿದ ಎರಡೇ ಡಿಸ್ಕ್ ಇಡೀ ಮೈಭಾರ ಹೊತ್ಕೊಂಡು ಸವೀತಾ ಬಂದ್ವು. ನಲವತ್ತರ ಹೊತ್ತಿಗೆ ಬೆಳಿಗ್ಗೆ ನೆಟ್ಟಗೆ ಇರ್ತಿದ್ದೆ, ಸಂಜೆ ಅಡುಗೆಕಟ್ಟೆಗೆ ಮೊಣಕೈ ಊರದೆ ಒಂದು ಸಾರು ಕುದಿಸೋಕೂ ಆಗ್ತಿರ್ಲಿಲ್ಲ, ಮೈ ತಾನಾಗೇ ಮುಂದಕ್ಕೆ ವಾಲೋದು.

ಈಗ ನಂಗೆ ವರ್ಷಗಳನ್ನೇ ತಿಂದ ವಿಷಯ ಹೇಳ್ತೀನಿ, ದಯವಿಟ್ಟು ನಿಧಾನವಾಗಿ ಓದಿ. ಮೊದಮೊದಲು ನನ್ನ ಕೈಲಿ ಇದ್ದಿದ್ದು ಬರೀ ಸೊಂಟದ ಎಂಆರ್‌ಐ, ಅದು ಮಲಗಿಸಿ ತೆಗೆಯೋದು, ಮಲಗಿದಾಗ ಯಾರ ಬೆನ್ನೂ ಮುಂದಕ್ಕೆ ವಾಲಲ್ಲ. ಆಮೇಲೆ ಒಬ್ರು ನಿಲ್ಲಿಸಿ ಕುತ್ತಿಗೆಯಿಂದ ಸೊಂಟದ ಕೀಲಿನವರೆಗೆ ಪೂರ್ತಿ ಎಕ್ಸ್‌ರೇ ಬರೆದುಕೊಟ್ರು, ಸರಿಯಾದದ್ದನ್ನೇ ಬರೆದಿದ್ರು. ಎಕ್ಸ್‌ರೇ ರೂಮಲ್ಲಿ ಹುಡುಗ "ನೇರ ನಿಲ್ಲಿ ಮೇಡಂ" ಅಂದ, ನಾನು ನೇರ ನಿಂತೆ. ಹೇಗೆ ನಿಂತೆ ಅಂದ್ರೆ ಮಂಡಿ ಸ್ವಲ್ಪ ಮಡಚಿ. ಫ್ಲಾಟ್‌ಬ್ಯಾಕ್ ಇರೋರೆಲ್ಲ ಗೊತ್ತಿಲ್ಲದೇ ಮಾಡೋದೇ ಅದು, ಮಂಡಿ ಮಡಚಿದ್ರೆ ಸೊಂಟ ಹಿಂದಕ್ಕೆ ತಿರುಗತ್ತೆ, ತಲೆ ಸೊಂಟದ ಮೇಲೆ ಬಂದು ಕೂರತ್ತೆ, ಫಿಲ್ಮಲ್ಲಿ ಬ್ಯಾಲೆನ್ಸ್ ಚೆನ್ನಾಗಿ ಕಾಣತ್ತೆ. ಮಂಡಿ ಆ ಫಿಲ್ಮಲ್ಲಿ ಬರೋದೇ ಇಲ್ವಲ್ಲ! ಯಾರಿಗೆ ಗೊತ್ತಾಗ್ಬೇಕು? ಅದನ್ನ ನೋಡಿದ ಡಾಕ್ಟರ್ "ಬ್ಯಾಲೆನ್ಸ್ ಸರಿ ಇದೆ, ಮಸಲ್ ವೀಕ್ ಆಗಿದೆ" ಅಂದ್ರು, ಮುಂದಿನ ಡಾಕ್ಟರೂ ಅದೇ ಫಿಲ್ಮ್ ನೋಡಿ ಅದನ್ನೇ ಅಂದ್ರು, ನಾನು ಫಿಸಿಯೋ ಮಾಡ್ತಾ ಕೂತೆ, ಕೆಳಗಿನ ಡಿಸ್ಕ್ ಸವೀತಾನೇ ಇತ್ತು. ಕೊನೆಗೆ ಒಬ್ಬ ಸರ್ಜನ್ ಫಿಲ್ಮ್ ಪಕ್ಕಕ್ಕಿಟ್ಟು ನನ್ನನ್ನ ಕಾರಿಡಾರಲ್ಲಿ ಸುಸ್ತಾಗೋವರೆಗೂ ನಡೆಸಿ, ಪಕ್ಕದಿಂದ ನಿಂತು ನೋಡಿ, "ಅಮ್ಮಾ, ಮಂಡಿ ಪೂರ್ತಿ ನೇರ ಮಾಡಿ" ಅಂದ್ರು. ಮಾಡಿದೆ, ಮುಂದಕ್ಕೆ ಮುಗ್ಗರಿಸೋ ಹಾಗಾಯ್ತು. ಅದೇ ದಿನ ಹಾಗೇ ನಿಲ್ಲಿಸಿ ಮತ್ತೆ ಎಕ್ಸ್‌ರೇ, ಎಲ್ಲ ಕಂಡ್ತು.

ಅದಕ್ಕೇ ನಿಮ್ಮ ಪ್ರಶ್ನೇನೇ ನಾನು ಒಪ್ಪಲ್ಲ. ಬೆಸ್ಟ್ ಸರ್ಜನ್ ಯಾರು ಅನ್ನೋದು ಆಮೇಲಿನ ಮಾತು, ನೋವು ಎಲ್ಲಿಂದ ಬರ್ತಿದೆ ಅನ್ನೋದು ಮೊದಲು. ರಾಡ್ ಮುರಿದಿರೋದೊಂದೇ ಆಪರೇಷನ್‌ಗೆ ಕಾರಣ ಅಲ್ಲ. ಸುತ್ತ ಮೂಳೆ ಗಟ್ಟಿಯಾಗಿ ಕೂಡ್ಕೊಂಡಿದ್ರೆ ಮುರಿದ ರಾಡ್ ಒಳಗೇ ಇಟ್ಕೊಂಡು ಆರಾಮಾಗಿ ಇರೋರು ಇದಾರೆ. ಮೂಳೆ ಕೂಡದೇ ಇದ್ರೆ ಅಲ್ಲಿ ಅಲುಗಾಡಿ ಅಲುಗಾಡಿ, ತಂತಿ ಮಡಚಿ ಬಿಡಿಸಿ ಮಾಡಿದ್ರೆ ತುಂಡಾಗಲ್ವಾ, ಹಾಗೆ ರಾಡ್ ಮುರಿಯತ್ತೆ. ಯಾವುದು ಅಂತ ಹೇಳೋಕೆ ಸಿಟಿ ಸ್ಕ್ಯಾನ್ ಬೇಕು. ಒಳಗೊಳಗೇ ಇನ್ಫೆಕ್ಷನ್ ಇದ್ಯಾ ಅಂತ ಇಎಸ್‌ಆರ್, ಸಿಆರ್‌ಪಿ ಅನ್ನೋ ರಕ್ತಪರೀಕ್ಷೆ, ಮೂಳೆ ಸ್ಕ್ರೂ ಹಿಡಿಯತ್ತಾ ಅಂತ ಮೂಳೆ ಸಾಂದ್ರತೆ ಅಳೆಯೋ ಡೆಕ್ಸಾ ಸ್ಕ್ಯಾನ್. ಇದ್ಯಾವುದೂ ಇಲ್ಲದೇ ಡೇಟ್ ಕೊಡೋರ ಹತ್ರ ನಾನಾದ್ರೆ ಹೋಗಲ್ಲ. ಆದ್ರೆ ಕಾಲಲ್ಲಿ ಶಕ್ತಿ ಕಮ್ಮಿ ಆಗ್ತಿದ್ರೆ, ಮೂತ್ರ ಮಲ ಹಿಡಿತಕ್ಕೆ ಸಿಗ್ತಿಲ್ಲ ಅಂದ್ರೆ ಇದನ್ನ ಓದ್ತಾ ಕೂರಬೇಡಿ, ಈಗಲೇ ಆಸ್ಪತ್ರೆಗೆ ಹೋಗಿ.

ನಂಗೆ ಮಾಡಿದ್ದು ಪಿಎಸ್‌ಒ, ಒಂದು ಮೂಳೆಯಿಂದ ತ್ರಿಕೋನದ ಹಾಗೆ ಕತ್ತರಿಸಿ ತೆಗೆದು ಮುಚ್ಚೋದು, ಒಂದೇ ಕಡೆ ಸುಮಾರು 30 ಡಿಗ್ರಿ ಬಾಗು ವಾಪಸ್ ಬರತ್ತೆ, ಆಮೇಲೆ ಸೊಂಟದ ಮೂಳೆವರೆಗೂ ಸ್ಕ್ರೂ. ತುಂಬ ರಕ್ತ ಹೋಗೋ ಆಪರೇಷನ್, ನರಕ್ಕೆ ಏಟು ಬೀಳಬಹುದು, ಹೊಸ ರಾಡೂ ಮುರಿಯಬಹುದು. ನಂಗೆ ಒಂದು ಕಾಲಿನ ತೊಡೆ ತಿಂಗಳುಗಟ್ಟಲೆ ಜೋಮು ಹಿಡಿದಿತ್ತು. ಈಗ ನೆಟ್ಟಗೆ ನಡೀತೀನಿ, ಸಂಜೆ ಅಡುಗೆ ಮಾಡ್ತೀನಿ. ಆದ್ರೆ ನೆಲದ ಮೇಲೆ ಪಂಕ್ತಿಯಲ್ಲಿ ಕೂತು ಊಟ, ಬಗ್ಗಿ ರಂಗೋಲಿ, ಇಂಡಿಯನ್ ಟಾಯ್ಲೆಟ್ ಎಲ್ಲ ಮುಗೀತು, ಕಾಲುಂಗುರ ಹಾಕೋಕೂ ಮಗಳು ಬೇಕು. ತೊಳ್ಕೊಳ್ಳೋಕೆ ಕೈ ಎಟುಕೋದೂ ಕಷ್ಟ, ಇದನ್ನ ಯಾವ ಡಾಕ್ಟರೂ ತಾವಾಗೇ ಹೇಳಲಿಲ್ಲ, ನಾಚಿಕೆ ಬಿಟ್ಟು ನೀವೇ ಕೇಳಿ.

ಸರ್ಜನ್ ವಿಷಯಕ್ಕೆ ಬಂದ್ರೆ, ಡಿಸ್ಕ್ ಆಪರೇಷನ್ ಚೆನ್ನಾಗಿ ಮಾಡೋರೆಲ್ಲ ಇದನ್ನ ಮಾಡಲ್ಲ. ದೊಡ್ಡವರ ಬೆನ್ನು ರಿವಿಷನ್ ಕಳೆದ ವರ್ಷ ಎಷ್ಟು ಮಾಡಿದೀರಿ, ಅದರಲ್ಲಿ ಎಷ್ಟು ಜನರನ್ನ ಮತ್ತೆ ಥಿಯೇಟರಿಗೆ ತಗೊಂಡು ಹೋಗ್ಬೇಕಾಯ್ತು, ಆಪರೇಷನ್ ನಡೀತಿರುವಾಗ ನ್ಯೂರೋಮಾನಿಟರಿಂಗ್ (ನರ ಸರಿಯಾಗಿ ಕೆಲಸ ಮಾಡ್ತಿದ್ಯಾ ಅಂತ ಮಷೀನಲ್ಲಿ ಗಮನಿಸೋದು) ಯಾರು ನೋಡ್ತಾರೆ, ಐಸಿಯು ಅದೇ ಬಿಲ್ಡಿಂಗಲ್ಲಿ ಇದ್ಯಾ ಅಂತ ನೇರವಾಗಿ ಕೇಳಿ. ಕೇಳಿದ್ದಕ್ಕೆ ಸಿಡುಕಿದ್ರೆ ಎದ್ದು ಬನ್ನಿ. ಬೆಂಗಳೂರೇ ಆಗ್ಬೇಕು ಅಂತಾನೂ ಇಲ್ಲ, ವೆಲ್ಲೂರಿನ ಸಿಎಂಸಿಗೆ, ಕೊಯಮತ್ತೂರಿನ ಗಂಗಾ ಆಸ್ಪತ್ರೆಗೆ ನಮ್ಮ ಕಡೆಯಿಂದ ಬೆನ್ನಿಗೆ ಅಂತ ಹೋಗೋರು ಬೇಕಾದಷ್ಟು ಜನ ಇದಾರೆ. ಮನೆಗೆ ಹತ್ರ ಅನ್ನೋದಕ್ಕೆ ಬೆಲೆ ಕೊಡಬೇಡಿ, ಆದ್ರೆ ಆಮೇಲೆ ಚೆಕಪ್‌ಗೆ ಹೋಗ್ತಾ ಇರ್ಬೇಕು ಅನ್ನೋದು ನೆನಪಿರಲಿ.

ಹಳೇ ಆಪರೇಷನ್ ನೋಟ್ಸ್ ಇದ್ರೆ ಹುಡುಕಿಡಿ. ಯಾವ ಕಂಪನಿ ರಾಡು, ಯಾವ ಸ್ಕ್ರೂ ಅಂತ ಗೊತ್ತಿದ್ರೆ ಅದನ್ನ ಬಿಚ್ಚೋ ಸರಿಯಾದ ಸಾಮಾನು ಮೊದಲೇ ತರಿಸಿಡ್ತಾರೆ. ನಿಮ್ಮ ಫ್ಯೂಷನ್ ಕೆಳಗೆ ಎಲ್ಲಿವರೆಗೆ ಇದೆ ಅಂತ ನೀವು ಬರೆದಿಲ್ಲ, ಎಲ್2ಗೆ ನಿಂತಿದ್ರೆ ನನ್ನ ಕಥೆಗಿಂತ ನಿಮ್ಮದು ಬೇರೆ, ಕೆಳಗೆ ಇನ್ನೂ ನಾಲ್ಕು ಡಿಸ್ಕ್ ಉಳಿದಿರತ್ತೆ. ಅದನ್ನ ನೋಡಿ ತಿಳಿಸಿ.