ಶ್ರೀರಂಗಪಟ್ಟಣ ಮತ್ತು ಮೈಸೂರಿನ ಏಳೂ ಅರಮನೆ: ಅಪ್ಪ ಅಮ್ಮನ ಜೊತೆ ಒಂದೇ ಭಾನುವಾರದಲ್ಲಿ ಯಾವ ಕ್ರಮದಲ್ಲಿ ಮುಗಿಸಬಹುದು?

"ಬೆಂಗಳೂರಿನಿಂದ ಹೋಗುವಾಗ ಹೇಗಿದ್ದರೂ ದಾರಿಯಲ್ಲೇ ಸಿಗುತ್ತಲ್ಲ, ಶ್ರೀರಂಗಪಟ್ಟಣ ಮೊದಲು ಮುಗಿಸಿಬಿಡೋಣ ಅಂತಿದ್ದೇವೆ" ಎಂದು ಬರೆದಿದ್ದೀರಿ. ಅದನ್ನು ಓದಿ ನಗು ಬಂತು, ಹೊಟ್ಟೆಯೂ ಸ್ವಲ್ಪ ಚುರ್ ಎಂದಿತು. ಕೆಲವು ವರ್ಷಗಳ ಹಿಂದೆ ನಮ್ಮ ಅಡುಗೆಮನೆಯಲ್ಲಿ ನಿಂತು ನಾನೂ ಇದೇ ಮಾತು ಹೇಳಿದ್ದೆ.

ಆಗ ದಶಪಥ ಹೆದ್ದಾರಿ ಇರಲಿಲ್ಲ. ಏಪ್ರಿಲ್ ತಿಂಗಳ ಒಂದು ಭಾನುವಾರ. ನಾನು, ಅಪ್ಪ, ಅಮ್ಮ, ಬಾಡಿಗೆ ಕಾರು. ನಾನು ಎಕ್ಸೆಲ್ ಶೀಟ್ ಮಾಡಿದ್ದೆ. ಹೌದು, ಎಕ್ಸೆಲ್ ಶೀಟ್. ರಂಗನಾಥಸ್ವಾಮಿಗೆ 40 ನಿಮಿಷ, ದರಿಯಾ ದೌಲತ್‌ಗೆ 30, ಟಿಪ್ಪುವಿನ ಸಮಾಧಿ ಇರುವ ಗುಂಬಜ್‌ಗೆ 20. ಆಮೇಲೆ ಮೈಸೂರಿನಲ್ಲಿ ಒಂದಾದ ಮೇಲೊಂದು ಅರಮನೆ, ಕೊನೆಗೆ ಚಾಮುಂಡಿ ಬೆಟ್ಟ.

ಅಪ್ಪ ಮಾತ್ರ ಒಂದೇ ಒಂದು ವಿಷಯ ಕೇಳಿದ್ದರು. "ಅರಮನೆ ಕಲ್ಯಾಣ ಮಂಟಪದ ಗೋಡೆ ಚಿತ್ರ ನೋಡ್ಬೇಕು ಕಣೋ." ಅಪ್ಪನ ತಾತ ಜಂಬೂಸವಾರಿಯಲ್ಲಿ ನಿಶಾನೆ ಹಿಡಿದು ನಡೆಯುತ್ತಿದ್ದರಂತೆ. ಮೈಸೂರು ಅರಮನೆಯ ಕಲ್ಯಾಣ ಮಂಟಪದ ಗೋಡೆಗಳ ಮೇಲೆ ದಸರಾ ಮೆರವಣಿಗೆಯ ಚಿತ್ರಗಳಿವೆ. ನಿಜವಾದ ಮೆರವಣಿಗೆಯ ಫೋಟೋ ನೋಡಿಕೊಂಡು ಬರೆದ ಚಿತ್ರಗಳು. ಹಾಗಾಗಿ ಆ ಮುಖಗಳಲ್ಲಿ ಒಂದು ಅಪ್ಪನ ಆ ತಾತನದು ಅನ್ನುವುದು ನಮ್ಮ ಮನೆಯ ಕಥೆ. ನಿಜವೋ ಸುಳ್ಳೋ, ಹೇಳುವವರು ಯಾರೂ ಉಳಿದಿಲ್ಲ.

ಅರಮನೆ ಎಲ್ಲಿಗೂ ಹೋಗಲ್ಲ ಅಂತ ನಾನು ಅದನ್ನು ಶೀಟಿನ ನಾಲ್ಕನೇ ಸಾಲಿಗೆ ಹಾಕಿದೆ.

ಆರಕ್ಕೆ ಹೊರಡಬೇಕಿತ್ತು, ಅಪ್ಪನ ಪೂಜೆ ಮುಗಿದು ಹೊರಟಾಗ ಏಳು. ಮದ್ದೂರಿನಲ್ಲಿ ತಿಂಡಿ. ರಂಗನಾಥನ ಸರತಿ ಸಾಲಿನಲ್ಲೇ ಒಂದು ಗಂಟೆ ಹೋಯಿತು. ದರಿಯಾ ದೌಲತ್‌ನಲ್ಲಿ ಗೇಟಿನಿಂದ ಕಟ್ಟಡದವರೆಗೆ ತೋಟದ ನಡುವೆ ಉದ್ದದ ದಾರಿ. ಬಿಸಿಲು ಏರಿತ್ತು. 1784ರಲ್ಲಿ ಟಿಪ್ಪು ಕಟ್ಟಿಸಿದ ಬೇಸಿಗೆ ಅರಮನೆ ಅದು, ಸುಮಾರಾಗಿ ಎಲ್ಲಾ ತೇಗದ ಮರ. 1780ರಲ್ಲಿ ಹೈದರ್ ಮತ್ತು ಟಿಪ್ಪು ಸೇರಿ ಇಂಗ್ಲಿಷರನ್ನು ಸೋಲಿಸಿದ ಪೊಲ್ಲಿಲೂರು ಯುದ್ಧದ ದೊಡ್ಡ ಚಿತ್ರ ಗೋಡೆಯ ಮೇಲಿದೆ. ಅದರ ಮುಂದೆ ಅಪ್ಪ ಚೆನ್ನಾಗಿ ನಿಂತು ನೋಡಿದರು. ಗುಂಬಜ್ ಹತ್ತಿರ ಬರುವಷ್ಟರಲ್ಲಿ ಮಂಡಿ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತಿದ್ದರು. ನಾನು ವಾಚ್ ನೋಡುತ್ತಿದ್ದೆ.

ಮೈಸೂರು ಅರಮನೆ ಸೇರಿದಾಗ ಒಂದೂ ಕಾಲು. ಅದೂ ತಪ್ಪು ಗೇಟಿಗೆ. ದೂರದಿಂದ ಚೆನ್ನಾಗಿ ಕಾಣುವುದು ಪೂರ್ವದ ಜಯಮಾರ್ತಾಂಡ ಬಾಗಿಲು, ಆದರೆ ಜನರನ್ನು ಒಳಗೆ ಬಿಡುವುದು ದಕ್ಷಿಣದ ವರಾಹ ಬಾಗಿಲಿನಿಂದ. ಸುತ್ತು ಹಾಕಿ ಬಂದು, ಚಪ್ಪಲಿ ಬಿಟ್ಟು, ಕಾದ ಕಲ್ಲಿನ ಮೇಲೆ ಓಡಿ ಒಳಗೆ ಹೋದೆವು. ಒಳಗೆ ಜಾತ್ರೆ. ಗೊಂಬೆ ತೊಟ್ಟಿ ದಾಟಿ ಕಲ್ಯಾಣ ಮಂಟಪ ಸೇರಿದಾಗ ಹಿಂದಿನಿಂದ ಶಾಲೆ ಮಕ್ಕಳ ಸಾಲು ತಳ್ಳುತ್ತಿತ್ತು. ಎಲ್ಲರೂ ತಲೆ ಎತ್ತಿ ನವಿಲು ಚಿತ್ರದ ಬಣ್ಣದ ಗಾಜಿನ ಚಾವಣಿ ನೋಡುತ್ತಿದ್ದರು. ಅಪ್ಪ ಗೋಡೆ ಕಡೆ ತಿರುಗಿ ಎರಡು ನಿಮಿಷ ನಿಂತರೋ ಇಲ್ಲವೋ, ಕಂಬ ಹಿಡಿದುಕೊಂಡು "ಸಾಕು, ಹೊರಗೆ ಹೋಗೋಣ" ಎಂದರು. ದರ್ಬಾರ್ ಹಾಲ್‌ಗೆ ಮೆಟ್ಟಿಲು ಹತ್ತಬೇಕು. ಹತ್ತಲಿಲ್ಲ.

ಇಲ್ಲಿ ನನ್ನ ತಪ್ಪನ್ನು ಬಿಡಿಸಿ ಹೇಳಲೇಬೇಕು. ಈ ಕಥೆ ಕೇಳಿದವರೆಲ್ಲ "ಇನ್ನೂ ಬೇಗ ಹೊರಡಬೇಕಿತ್ತು" ಅನ್ನುತ್ತಾರೆ. ಅದಲ್ಲ ತಪ್ಪು. ತಡವಾಗಿ ಹೊರಟೂ ಸೀದಾ ಅರಮನೆಗೆ ಹೋಗಿದ್ದರೆ ಹತ್ತೂವರೆಗೆ ಒಳಗಿರುತ್ತಿದ್ದೆವು. ತಪ್ಪು ಇರುವುದು "ದಾರಿಯಲ್ಲೇ ಸಿಗುತ್ತೆ" ಅನ್ನುವ ಮಾತಿನಲ್ಲಿ. ನಾನು ಮ್ಯಾಪ್ ನೋಡಿ ಕ್ರಮ ಹಾಕಿದೆ, ಬಸ್ ಕಂಡಕ್ಟರ್ ಸ್ಟಾಪ್ ಕೂಗಿದ ಹಾಗೆ. ಎಪ್ಪತ್ತರ ಹತ್ತಿರದವರ ಮಂಡಿಗೆ ದಿನಕ್ಕೆ ಎರಡು, ಹೆಚ್ಚೆಂದರೆ ಮೂರು ಗಂಟೆ ನಡಿಗೆ. ಅದನ್ನು ಬೆಳಿಗ್ಗೆ ಎಲ್ಲಿ ಖರ್ಚು ಮಾಡುತ್ತೀರೋ ಅಲ್ಲಿಗೆ ಮುಗಿಯಿತು. ಕಾಫಿ ಕುಡಿದು ಹತ್ತು ನಿಮಿಷ ಕೂತರೆ ವಾಪಸ್ ಬರಲ್ಲ. ನಾನು ಅದನ್ನೆಲ್ಲ ಅಪ್ಪ ಕೇಳದೇ ಇದ್ದ ಜಾಗಗಳಲ್ಲಿ ಖರ್ಚು ಮಾಡಿ, ಅವರು ಕೇಳಿದ ಒಂದೇ ಜಾಗಕ್ಕೆ ಬರಿಗೈಯಲ್ಲಿ ಕರೆದುಕೊಂಡು ಬಂದೆ. ಇನ್ನೊಂದು ವಿಷಯ: ಬೆಂಗಳೂರಿನ ಪ್ರತಿ ಕಾರಿನಲ್ಲೂ ಒಬ್ಬ "ದಾರಿಯಲ್ಲೇ ಸಿಗುತ್ತೆ" ಅನ್ನುವವನು ಇರುತ್ತಾನೆ. ಅವರೆಲ್ಲ ಶ್ರೀರಂಗಪಟ್ಟಣ ಮುಗಿಸಿ ಮಧ್ಯಾಹ್ನ ಒಟ್ಟಿಗೆ ಅರಮನೆಗೆ ಬಂದು ಬೀಳುತ್ತಾರೆ. ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆಗೆಯುವಾಗ ಅಲ್ಲಿ ನಿಂತಿರುವವರು ಕಡಿಮೆ.

ಅಷ್ಟೇ ಅಲ್ಲ. ವಾಪಸ್ ಬರುವಾಗ ಟ್ರಾಫಿಕ್ ಅಂತ ಹೆದರಿ ಸಂಜೆ ಐದೂವರೆಗೇ ಮೈಸೂರು ಬಿಟ್ಟೆ. ಭಾನುವಾರ ಮತ್ತು ಸರ್ಕಾರಿ ರಜೆಗಳಂದು ಸಂಜೆ ಏಳಕ್ಕೆ ಅರಮನೆಗೆ ದೀಪ ಹಾಕುತ್ತಾರೆ, ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು. ಭಾನುವಾರದ ನೂಕುನುಗ್ಗಲು ಪೂರ್ತಿ ಅನುಭವಿಸಿ, ಭಾನುವಾರಕ್ಕೆ ಇರುವ ಒಂದೇ ಲಾಭವನ್ನು ಬಿಟ್ಟು ಬಂದ ಬುದ್ಧಿವಂತ ನಾನು. ಅಮ್ಮ ಇವತ್ತಿಗೂ ಆಡಿಕೊಳ್ಳುತ್ತಾರೆ.

ಇನ್ನು ನಿಮ್ಮ "ಏಳೂ ಅರಮನೆ". ಆ ಆಸೆ ಬಿಡಿ. ಲೆಕ್ಕಕ್ಕೆ ಏಳೆಂಟು ಇರಬಹುದು, ಆದರೆ ಟಿಕೆಟ್ ತಗೊಂಡು ಸುತ್ತುವ ಜಾಗಗಳಲ್ಲ ಎಲ್ಲವೂ. ಚೆಲುವಾಂಬ ವಿಲಾಸದಲ್ಲಿ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ. ವೈಸ್‌ರಾಯ್ ತಂಗಲು ಕಟ್ಟಿಸಿದ ಲಲಿತ ಮಹಲ್ ಹೋಟೆಲ್ ಆಗಿದೆ. ಜಯಲಕ್ಷ್ಮಿ ವಿಲಾಸ ಮಾನಸಗಂಗೋತ್ರಿಯ ಒಳಗೆ, ಮೈಸೂರು ವಿಶ್ವವಿದ್ಯಾಲಯದ ಕೈಯಲ್ಲಿದೆ. ಅಪ್ಪ ಅಮ್ಮನನ್ನು ಕಾರಿನಲ್ಲಿ ಕೂರಿಸಿ ಗೇಟುಗಳನ್ನು ತೋರಿಸುತ್ತಾ ಹೋಗುತ್ತೀರಾ?

ಎರಡು ಸಾಕು. ಹತ್ತಕ್ಕೆ ದೊಡ್ಡ ಅರಮನೆ. ಮಧ್ಯಾಹ್ನ ಊಟ, ರೂಮಿನಲ್ಲಿ ನಿದ್ದೆ. ರೂಮ್ ಯಾಕೆ ದಂಡ ಅನ್ನಬೇಡಿ, ಆ ದಿನದ ಒಳ್ಳೆಯ ಖರ್ಚು ಅದೇ. ನಾಲ್ಕರ ಹೊತ್ತಿಗೆ ಈಗ ಚಿತ್ರಶಾಲೆಯಾಗಿರುವ ಜಗನ್ಮೋಹನ ಅರಮನೆ. ಇವೆರಡನ್ನೂ ಒಂದೇ ದಿನ ನೋಡುವುದಕ್ಕೆ ಅರ್ಥವಿದೆ. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆ ಸಮಯದಲ್ಲಿ ಹಳೆಯ ಮರದ ಅರಮನೆಗೆ ಬೆಂಕಿ ಬಿತ್ತು. ಹೆನ್ರಿ ಇರ್ವಿನ್ ನಕ್ಷೆ ಹಾಕಿದ ಈಗಿನ ಅರಮನೆ ಮುಗಿದದ್ದು 1912ಕ್ಕೆ. ಅಲ್ಲಿಯವರೆಗೆ ರಾಜಮನೆತನ ಇದ್ದದ್ದು ಜಗನ್ಮೋಹನದಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರಿಗೆ 1902ರಲ್ಲಿ ಪೂರ್ಣ ಆಡಳಿತಾಧಿಕಾರ ಸಿಕ್ಕಿದ್ದೂ ಅಲ್ಲೇ. ರವಿವರ್ಮನ ಚಿತ್ರಗಳಿವೆ. ದೀಪ ಹಿಡಿದ ಹೆಂಗಸಿನ ಚಿತ್ರವೂ ಅಲ್ಲಿದೆ, ಅದನ್ನು ರವಿವರ್ಮನದು ಅಂದುಕೊಳ್ಳುವವರು ಜಾಸ್ತಿ. ಬರೆದವರು ಹಲ್ದಂಕರ್. ಏಳಕ್ಕೆ ಮತ್ತೆ ಅರಮನೆ, ದೀಪ. ರಾತ್ರಿ ಉಳಿದು, ಮಾರನೇ ದಿನ ವಾಪಸ್ ಬರುವಾಗ ಶ್ರೀರಂಗಪಟ್ಟಣ. ಆಗಲೂ ಅದು ದಾರಿಯಲ್ಲೇ ಸಿಗುತ್ತೆ! ಬೆಟ್ಟ ಆದರೆ ಆಯಿತು, ಇಲ್ಲದಿದ್ದರೆ ಇಲ್ಲ.

ಒಂದೇ ದಿನ ಇರುವುದಾದರೆ ಶ್ರೀರಂಗಪಟ್ಟಣವನ್ನು ಕೈಬಿಡಿ, ಅರಮನೆಯನ್ನಲ್ಲ. ಆದರೆ ಅದಕ್ಕೂ ಮೊದಲು ಅವರಿಬ್ಬರನ್ನೇ ಕೇಳಿ, ಏನು ನೋಡಬೇಕು ಅಂತ. ನಿಮ್ಮ ಪ್ರಶ್ನೆಯಲ್ಲಿ ಒಂಬತ್ತು ಜಾಗದ ಹೆಸರಿದೆ, ಅವರಿಗೆ ಏನು ಬೇಕು ಅಂತ ಒಂದು ಸಾಲೂ ಇಲ್ಲ. ಅವರು ದೇವರಾಜ ಮಾರ್ಕೆಟ್ ಅಂದರೆ ಅಲ್ಲಿಗೇ ಮೊದಲು ಹೋಗಿ.

ಎರಡು ವರ್ಷದ ನಂತರ ಅಪ್ಪನನ್ನು ಮತ್ತೆ ಕರೆದೆ. "ಒಂದ್ಸಲ ನೋಡಿ ಆಯ್ತಲ್ಲ" ಎಂದು ಟಿವಿ ಕಡೆ ತಿರುಗಿದರು. ನಾನೊಬ್ಬನೇ ಒಂದು ಬುಧವಾರ ಹೋದೆ. ಹತ್ತೂ ಕಾಲಿಗೆ ಕಲ್ಯಾಣ ಮಂಟಪದಲ್ಲಿ ಕೈಬೆರಳಲ್ಲಿ ಎಣಿಸುವಷ್ಟು ಜನ. ಅರ್ಧ ಗಂಟೆ ಗೋಡೆ ಸುತ್ತಿದೆ, ಯಾರೂ ತಳ್ಳಲಿಲ್ಲ. ಹೊರಗೆ ಬಂದು ಅಪ್ಪನಿಗೆ ಫೋನ್ ಮಾಡಿ, ನಿಮ್ಮ ತಾತ ಯಾವ ಗೋಡೆಯ ಮೇಲಿದ್ದಾರೆ ಅಂತ ಮನೆಯಲ್ಲಿ ಹೇಳ್ತಿದ್ರು, ಗುರುತು ಹೇಗೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೋಡೆ ನೆನಪಿಲ್ಲಪ್ಪ. ದೊಡ್ಡ ಮೀಸೆ ಇತ್ತು ನೋಡು" ಎಂದರು. ಮತ್ತೆ ಒಳಗೆ ಹೋಗಿ ನೋಡೋಣ ಅಂದರೆ ಇನ್ನೊಂದು ಟಿಕೆಟ್. ತಗೊಂಡೆ. ಅಲ್ಲಿ ಮೀಸೆ ಇಲ್ಲದವರನ್ನು ಹುಡುಕುವುದೇ ಸುಲಭ.